ಹಿಂದಕ್ಕೆ ನಾಲ್ಕು ಗಜ

ವೆಂಡೆಲ್ ಟಾರ್ಗರ್ಸನ್ ಕಳೆದ ಸೋಮವಾರ ಮಧ್ಯಾಹ್ನ, ನಾರ್ಬಿ ಕಾಲೇಜಿನಲ್ಲಿ ಕಾರುಗಳನ್ನು ನಿಲ್ಲಿಸುವ ಜಾಗದಲ್ಲಿ, ತನ್ನ ಪಿಕಪ್ ಗಾಡಿಯೊಳಗೆ ಕೂತಿದ್ದಂತೆಯೇ ತೀರಿಕೊಂಡ. ಹೃದಯ ನಿಂತಿದೆ ಎಂದು ಡಾಕ್ಟರು ಹೇಳಿದರು. ಅರವತ್ತೆಂಟು ವರ್ಷವಾಗಿತ್ತು. ಗುರುವಾರ ಮಣ್ಣು ಮಾಡಿದೆವು. ನೆಲ ಇನ್ನೂ ಹೆಪ್ಪುಗಟ್ಟಿರಲಿಲ್ಲವಾದ್ದರಿಂದ ಗುಂಡಿ ತೋಡುವವರಿಗೆ ಕಷ್ಟವಾಗಲಿಲ್ಲ. ಆಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಹ್ಯಾಮ್ ಸ್ಯಾಂಡ್‌ವಿಚ್, ಓವನ್‌ನಲ್ಲಿ ಬೇಯಿಸಿದ ಆಲೂಗಡ್ಡೆಯ ಹಾಟ್‌ಡಿಶ್, ಕಾಫಿ.

ಊರಿನ ವಾರಪತ್ರಿಕೆಯಲ್ಲಿ ನಾಲ್ಕು ಸಾಲು ಬಂದಿತ್ತು. ಹೊಲಮನೆಗಳಿಗೆ ಗ್ಯಾಸ್ ತುಂಬಿಸುವ ಲಾರಿ ಓಡಿಸುತ್ತಿದ್ದ, ಹೆಂಡತಿ ಮಾರ್ಲಿಸ್, ಇಬ್ಬರು ಹೆಣ್ಣುಮಕ್ಕಳು, ಬಾತುಕೋಳಿ ಬೇಟೆ ಎಂದರೆ ಇಷ್ಟ. ಎಲ್ಲವೂ ನಿಜ. ಫುಟ್‌ಬಾಲ್ ಬಗ್ಗೆ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ನಮ್ಮ ಅಮೆರಿಕನ್ ಫುಟ್‌ಬಾಲ್ ಬಗ್ಗೆ, ಒಂದು ಮಾತೂ ಇರಲಿಲ್ಲ. ನೆಲಮಾಳಿಗೆಯಲ್ಲಿ ನಾನು ಅದನ್ನು ಕೇಳಿದಾಗ ಮಾರ್ಲಿಸ್ ಕಾಫಿ ಲೋಟ ಕೆಳಗಿಟ್ಟಳು.

"ಬೇಕಂತಲೇ ಬಿಟ್ಟೆ. ನಾಲ್ಕು ಸಾಲಲ್ಲಿ ಹೇಳಕ್ಕೆ ಹೋದ್ರೆ ಅವ್ನನ್ನ ದೊಡ್ಡ ಆಟಗಾರ ಅಂದ್ಕೋತಾರೆ, ಇಲ್ಲ ಪೆದ್ದ ಅಂದ್ಕೋತಾರೆ. ಎರಡೂ ಸುಳ್ಳು. ನೀನೇ ಬರಿ. ನಲವತ್ತು ವರ್ಷ ಮಕ್ಕಳಿಗೆ ಪ್ರಬಂಧ ಬರೆಸಿದ್ಯಲ್ಲ."

ಅದಕ್ಕೆ ಬರೆಯುತ್ತಿದ್ದೇನೆ.

ನಾವಿಬ್ಬರೂ ನಾಲ್ಕು ವರ್ಷ ನಾರ್ಬಿ ಕಾಲೇಜಿನ ತಂಡದಲ್ಲಿದ್ದೆವು. ತಂಡದಲ್ಲಿದ್ದೆವು ಅನ್ನುವುದು ನಿಜ, ಆಡಿದೆವು ಅನ್ನುವುದು ನಿಜವಲ್ಲ. ನಾವು ಅಣಕು ತಂಡದವರು. ಪ್ರತಿ ಶನಿವಾರ ಒಂದೊಂದು ಕಾಲೇಜಿನ ಮೇಲೆ ಪಂದ್ಯ. ಆ ಕಾಲೇಜಿನವರು ಹೇಗೆ ಆಡುತ್ತಾರೆ ಎಂಬುದು ನಮ್ಮ ಮುಖ್ಯ ಆಟಗಾರರಿಗೆ ಅಭ್ಯಾಸವಾಗಬೇಕಲ್ಲ, ಅದಕ್ಕಾಗಿ ಸೋಮವಾರದಿಂದ ಗುರುವಾರದವರೆಗೆ ಇನ್ನೊಂದು ಹನ್ನೊಂದು ಜನ ಆ ಕಾಲೇಜಿನವರಾಗಬೇಕು. ಅವರ ನಂಬರಿನ ಹಸಿರು ಬನಿಯನ್ ತೊಟ್ಟು, ಅವರ ಆಟ ಆಡಿ, ನಮ್ಮವರ ಕೈಲಿ ಕೆಡವಿಸಿಕೊಂಡು ಮಣ್ಣು ತಿನ್ನಬೇಕು. ಶನಿವಾರ ಒಗೆದು ಮಡಚಿದ ಸ್ವಂತ ಅಂಗಿ ತೊಟ್ಟು ಮೈದಾನದ ಅಂಚಿನಲ್ಲಿ ನಿಂತು ನೋಡಬೇಕು.

ಅಣಕು ತಂಡದ ಕ್ವಾರ್ಟರ್‌ಬ್ಯಾಕ್ ವೆಂಡೆಲ್. ಒಂದು ಪಂದ್ಯವೆಂದರೆ ಕೆಲವೇ ಸೆಕೆಂಡಿನ ಇಂಥ ಹತ್ತಾರು ಆಟಗಳು; ಪ್ರತಿ ಆಟವೂ ಅವನ ಕೂಗಿನಿಂದ ಶುರು. ನಾನು ಸೆಂಟರ್. ಮುಂದೆ ಬಗ್ಗಿ ನಿಂತು, ಅವನ ಕೂಗು ಕೇಳಿಸಿದ ಕೂಡಲೇ ಕಾಲುಗಳ ನಡುವಿನಿಂದ ಚೆಂಡನ್ನು ಹಿಂದೆ ನಿಂತ ಅವನ ಕೈಗೆ ಕೊಡುವುದು ನನ್ನ ಕೆಲಸ. ಕೊಟ್ಟ ಕ್ಷಣವೇ ಎದುರಿನವನು ಬಂದು ನನ್ನ ಮೇಲೆ ಬೀಳುತ್ತಿದ್ದ. ಹಾಗಾಗಿ ಚೆಂಡು ಸಿಕ್ಕ ಮೇಲೆ ವೆಂಡೆಲ್ ಏನು ಮಾಡುತ್ತಾನೆ ಎಂಬುದನ್ನು ನಾನು ಕಂಡವನೇ ಅಲ್ಲ. ಅವನ ಕೈ ಮತ್ತು ಅವನ ದನಿ, ನನಗೆ ಗೊತ್ತಿದ್ದದ್ದು ಅಷ್ಟು.

ಅವನ ತಾಯಿ ಆಗ್ನೆಸ್ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದರು. ವಿಧವೆ. ಒಂದೂ ಪಂದ್ಯ ತಪ್ಪಿಸಿದವರಲ್ಲ. ಕಾಲಿನ ಮೇಲೆ ಕಂಬಳಿ ಹೊದ್ದು, ಪಕ್ಕದಲ್ಲಿ ಫ್ಲಾಸ್ಕ್ ಇಟ್ಟುಕೊಂಡು, ಮಗ ಹೇಗೂ ಆಡುವುದಿಲ್ಲವೆಂದು ಉಣ್ಣೆ ಹೆಣೆಯುತ್ತಾ ಕೂರುತ್ತಿದ್ದರು. ಪಂದ್ಯ ಮುಗಿದ ಮೇಲೆ ಕೆಳಗೆ ಬಂದು ಅವನ ಅಂಗಿಯ ತೋಳು ಹಿಡಿದು ನೋಡಿ ನನಗೆ ತೋರಿಸುವುದು ರೂಢಿ.

"ನೋಡು ಎರಿಕ್, ಇಸ್ತ್ರಿ ಗೆರೆ ಕೂಡ ಹೋಗಿಲ್ಲ. ನನ್ನ ಮಗನಷ್ಟು ಶುಚಿಯಾದ ಆಟಗಾರ ಇಡೀ ಮಿನ್ನೆಸೋಟಾದಲ್ಲಿ ಇಲ್ಲ."

"ಅಮ್ಮ, ಸಾಕು," ಅನ್ನುತ್ತಿದ್ದ ಅವನು.

ಸಾವಿರದ ಒಂಬೈನೂರ ಎಪ್ಪತ್ತೆಂಟರಲ್ಲಿ ನಮ್ಮದು ಕೊನೆಯ ವರ್ಷ. ಆಗಸ್ಟ್‌ನಲ್ಲಿ ಅಭ್ಯಾಸ ಶುರುವಾದ ದಿನ, ಇಬ್ಬರೂ ಹುಲ್ಲಿನ ಮೇಲೆ ಕೂತು ಶೂ ಕಟ್ಟಿಕೊಳ್ಳುತ್ತಿದ್ದಾಗ ಅವನು ಹೇಳಿದ: "ಒಂದ್ ಸಲ ಸಾಕು ಕಣೋ. ನನ್ನ ಅಂಗಿ, ನನ್ನ ನಂಬರು, ನಿಜವಾದ ಪಂದ್ಯ. ಒಂದೇ ಒಂದು ಆಟ. ಆಮೇಲೆ ಗ್ಯಾಸ್ ಲಾರಿ ಓಡಿಸು ಅಂದ್ರೂ ಓಡಿಸ್ತೀನಿ." ಲಾರಿಯ ಮಾತು ತಮಾಷೆಗೆ ಬಂದದ್ದು. ಅವನ ಚಿಕ್ಕಪ್ಪನದೊಂದು ಗ್ಯಾಸ್ ಕಂಪನಿ ಇತ್ತು.

ನಮ್ಮ ಕೋಚ್ ರೂಡಿ ಬ್ರೆಕ್ಕೆ ಕಡಿಮೆ ಮಾತಿನ ಮನುಷ್ಯ, ಆದರೆ ಆಡಿದ ಮಾತಿಗೆ ತಪ್ಪುತ್ತಿರಲಿಲ್ಲ. ಕೊನೆಯ ವರ್ಷದವರು ಯಾರೇ ಇರಲಿ, ತಂಡ ಸಾಕಷ್ಟು ಮುಂದಿದ್ದಾಗ ಒಂದು ಸಲವಾದರೂ ಇಳಿಸುತ್ತೇನೆ ಎಂದಿದ್ದರು. ಆ ವರ್ಷ ನಾವು ತುಂಬ ಪಂದ್ಯಗಳಲ್ಲಿ ಮುಂದಿರುತ್ತೇವೆ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಅಭ್ಯಾಸದಲ್ಲಿ ನಮ್ಮ ರಕ್ಷಣೆಯವರ, ಅಂದರೆ ಚೆಂಡು ಎದುರಾಳಿಗಳ ಕೈಲಿದ್ದಾಗ ಅವರನ್ನು ತಡೆಯುವವರ, ಆಟ ನೋಡಿದವರಿಗೆಲ್ಲ ಬಾಯಲ್ಲಿ ನೀರು. ಕ್ವಾರ್ಟರ್‌ಬ್ಯಾಕ್ ಕೈಗೆ ಚೆಂಡು ಬಂದರೆ ಅವನಿಗಿರುವುದು ಎರಡು ದಾರಿ. ದೂರಕ್ಕೆ ಎಸೆಯಬೇಕು, ಇಲ್ಲವೇ ಓಡಬೇಕು. ಯಾವುದು ಎಂದು ಎದುರಿನವರಿಗೆ ಮೊದಲೇ ಗೊತ್ತಾಗಬಾರದು. ಆದರೆ ನಮ್ಮ ರಕ್ಷಣೆಯವರಿಗೆ ಪ್ರತಿ ಸಲವೂ ಗೊತ್ತಾಗುತ್ತಿತ್ತು. ವೆಂಡೆಲ್ ಎಸೆಯಲು ಕೈ ಎತ್ತುವಷ್ಟರಲ್ಲಿ ಡ್ವೇನ್ ಪೋಲ್ ಎಂಬ ದೈತ್ಯ ಅವನ ಎದೆಯ ಮೇಲೆ ಇರುತ್ತಿದ್ದ.

ಮೊದಲ ಪಂದ್ಯ ಸೋತೆವು. ಎರಡನೆಯದರಲ್ಲಿ ಎದುರಾಳಿಗಳು ನಮ್ಮನ್ನು ಅವರ ಊರಿನ ಜನರ ಮುಂದೆ ಗೋಧಿ ಕಟಾವು ಮಾಡಿದ ಹಾಗೆ ಕಟಾವು ಮಾಡಿದರು. ಅಭ್ಯಾಸದಲ್ಲಿ ಎಲ್ಲವನ್ನೂ ಊಹಿಸುತ್ತಿದ್ದ ರಕ್ಷಣೆ ಶನಿವಾರ ಕುರುಡಾಗಿತ್ತು.

ಭಾನುವಾರ ಚರ್ಚ್ ಮುಗಿಸಿ ಎಲ್ಲರೂ ರಸಾಯನಶಾಸ್ತ್ರದ ಕೊಠಡಿಯಲ್ಲಿ ಪಂದ್ಯದ ಫಿಲ್ಮ್ ನೋಡಲು ಕೂತೆವು. ಪ್ರೊಜೆಕ್ಟರ್ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ವೆಂಡೆಲ್ ಒಮ್ಮೆಲೇ ಕೇಳಿದ: "ಕೋಚ್, ನಮ್ಮವರೆಲ್ಲ ತಲೆ ಯಾಕೆ ಬಗ್ಗಿಸಿದ್ದಾರೆ?"

ನಿಜ. ತೆರೆಯ ಮೇಲೆ, ಪ್ರತಿ ಆಟದ ಮೊದಲು, ನಮ್ಮ ರಕ್ಷಣೆಯವರ ಹೆಲ್ಮೆಟ್‌ಗಳೆಲ್ಲ ಒಂದೇ ಸಮ ಕೆಳಕ್ಕೆ ವಾಲಿದ್ದವು.

"ಪ್ರಾರ್ಥನೆ ಮಾಡ್ತಿರ್ಬೇಕು," ಎಂದ ಹಿಂದಿನ ಬೆಂಚಿನವನೊಬ್ಬ. ಕೋಚ್ ತಿರುಗಿ ನೋಡಿದರು. ನಗು ಅಲ್ಲಿಗೇ ನಿಂತಿತು.

ಮಧ್ಯಾಹ್ನ ಊಟದ ಹಾಲ್‌ನಲ್ಲಿ ವೆಂಡೆಲ್ ತಟ್ಟೆ ಹಿಡಿದು ನೇರ ಡ್ವೇನ್ ಪೋಲ್ ಎದುರು ಹೋಗಿ ಕೂತ. ನಾನೂ ಹೋದೆ.

"ಡ್ವೇನ್, ಎದುರು ಕ್ವಾರ್ಟರ್‌ಬ್ಯಾಕ್ ನಿಂತಾಗ ನೀನು ಏನ್ ನೋಡ್ತಿ?"

"ಹಿಮ್ಮಡಿ."

"ಯಾರ ಹಿಮ್ಮಡಿ?"

"ಅವನದೇ. ಮತ್ತೆ ನಿಮ್ಮಜ್ಜೀದಾ?" ಡ್ವೇನ್ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಲೇ ಇದ್ದ. "ಬಲಗಾಲ ಹಿಮ್ಮಡಿ ಒಂಚೂರು ಮೇಲೆದ್ರೆ ಎಸೀತಾನೆ. ನೆಲಕ್ಕೆ ಅಂಟಿಕೊಂಡಿದ್ರೆ ಓಡ್ತಾನೆ. ಇದು ನನ್ನ ಗುಟ್ಟು. ಯಾರಿಗೂ ಹೇಳ್ಬೇಡ."

ಪಕ್ಕದ ಮೇಜಿನಿಂದ ಗ್ಯಾರಿ ಎಂಬುವನು ತಿರುಗಿದ. "ಲೋ, ಅದು ನನ್ನ ಗುಟ್ಟು. ಆಗಸ್ಟ್‌ನಿಂದ ನೋಡ್ತಿದ್ದೀನಿ ನಾನು."

"ನಾನೂ," ಎಂದಿತು ಇನ್ನೊಂದು ದನಿ.

ಒಬ್ಬೊಬ್ಬರೇ ಬಾಯಿ ಬಿಟ್ಟರು. ತನ್ನೊಬ್ಬನಿಗೇ ಗೊತ್ತು ಎಂದುಕೊಂಡು ಎಲ್ಲರೂ ಅದನ್ನೇ ನೋಡುತ್ತಿದ್ದರು. ನೋಡುತ್ತಿದ್ದದ್ದು ವೆಂಡೆಲ್‌ನ ಹಿಮ್ಮಡಿಯನ್ನು. ಎಸೆಯುವ ಮೊದಲು ಅದು ತಾನಾಗಿ ಮೇಲೇಳುತ್ತದೆ ಎಂದು ಅವನಿಗೇ ತಿಳಿದಿರಲಿಲ್ಲ. ಆಗಸ್ಟ್‌ನಿಂದ ಇಲ್ಲಿಯವರೆಗೆ ನಮ್ಮ ರಕ್ಷಣೆಯವರು ಆಟ ಕಲಿತಿರಲಿಲ್ಲ, ವೆಂಡೆಲ್ ಟಾರ್ಗರ್ಸನ್‌ನನ್ನು ಕಲಿತಿದ್ದರು. ಶನಿವಾರ ಎದುರು ನಿಂತ ಪರ ಊರಿನ ಹುಡುಗನ ಹಿಮ್ಮಡಿ ಏಳಲೂ ಇಲ್ಲ, ಕೂರಲೂ ಇಲ್ಲ. ಇವರು ಅದನ್ನೇ ನೋಡುತ್ತಾ ನಿಂತಿದ್ದರು.

ಡ್ವೇನ್ ಬೆಣ್ಣೆ ಚಾಕು ಕೆಳಗಿಟ್ಟ. "ಅಯ್ಯೋ ದೇವ್ರೇ. ನಾವು ಸೋತಿದ್ದು ಟಾರ್ಗ್ ಕಾಲಿಂದ!"

ವೆಂಡೆಲ್ ಊಟ ಮುಗಿಸದೆ ಎದ್ದು ಕೋಚ್ ಮನೆಗೆ ನಡೆದ. ಬ್ರೆಕ್ಕೆ ಗ್ಯಾರೇಜಿನಲ್ಲಿ ದೋಣಿಗೆ ಬಣ್ಣ ಬಳಿಯುತ್ತಿದ್ದರು. ವಿಷಯ ಕೇಳಿ, ಅವನನ್ನು ಅಲ್ಲೇ ಸಿಮೆಂಟಿನ ಮೇಲೆ ನಿಲ್ಲಿಸಿ, ಎಸೆಯುವ ಆಟ ಒಂದನ್ನೂ ಓಡುವ ಆಟ ಒಂದನ್ನೂ ಕೂಗಿಸಿದರು. ಮಂಡಿಯೂರಿ ಕೂತು ಅವನ ಶೂ ನೋಡಿದರು.

"ಹೌದಲ್ಲಯ್ಯ," ಎಂದರು. ಎದ್ದು ಕೈ ಒರೆಸಿಕೊಂಡು, "ನಾಳೆಯಿಂದ ನಿನ್ನ ಜಾಗಕ್ಕೆ ಬೇರೆಯವನನ್ನ ಹಾಕ್ತೀನಿ. ಬೇಜಾರು ಮಾಡ್ಕೋಬೇಡ."

ಅಣಕು ತಂಡದಿಂದಲೂ ಹೊರಬಿದ್ದರೆ ಅವನಿಗೆ ಅಂಗಿಯೇ ಇರುವುದಿಲ್ಲ. ಅಂಗಿ ಇಲ್ಲದವನು ಪಂದ್ಯಕ್ಕೆ ಇಳಿಯುವುದು ಎಲ್ಲಿಂದ?

"ಒಂದು ವಾರ ಕೊಡಿ ಕೋಚ್," ಎಂದ ವೆಂಡೆಲ್.

ಕೊಟ್ಟರು. ಅವನು ಬಲಗಾಲಿನ ಶೂ ಒಳಗೆ, ಹಿಮ್ಮಡಿ ಕೂರುವ ಜಾಗದಲ್ಲಿ, ಒಣಗಿದ ಮೆಕ್ಕೆಜೋಳದ ಕಾಳೊಂದನ್ನು ಹಾಕಿಕೊಂಡ. ಕಾಳು ಚುಚ್ಚುತ್ತಿದ್ದರೆ ಹಿಮ್ಮಡಿ ನೆಲದ ಮೇಲಿದೆ ಎಂದರ್ಥ. ಚುಚ್ಚುವುದು ನಿಂತರೆ ಎದ್ದಿದೆ. ಮೈದಾನದಲ್ಲಿ ಮಾತ್ರವಲ್ಲ, ತರಗತಿಗೂ ಚರ್ಚಿಗೂ ಅದನ್ನು ಹಾಕಿಕೊಂಡೇ ಹೋದ. ಆಗ ಅವನ ಜೊತೆ ಓಡಾಡಲು ಶುರುಮಾಡಿದ್ದ ಮಾರ್ಲಿಸ್, ಇವನಿಗೆ ಹುಟ್ಟಿನಿಂದಲೇ ಕುಂಟು ಎಂದುಕೊಂಡು ಒಂದು ವಾರ ಅದರ ಸುದ್ದಿ ಎತ್ತದೆ ಮರ್ಯಾದೆಯಿಂದ ನಡೆದುಕೊಂಡಳಂತೆ.

ಕಾಲು ಸರಿಹೋಯಿತು. ಆದರೆ ಅವನು ಅಲ್ಲಿಗೆ ನಿಲ್ಲಲಿಲ್ಲ. ತನ್ನ ಹಿಮ್ಮಡಿ ತನಗೇ ಗೊತ್ತಿರಲಿಲ್ಲ ಎಂದ ಮೇಲೆ ಬೇರೆ ಕ್ವಾರ್ಟರ್‌ಬ್ಯಾಕ್‌ಗಳಿಗೂ ಇಂಥದ್ದೇನೋ ಇರಲೇಬೇಕು ಎಂದು ಮುಂದಿನ ಎದುರಾಳಿಗಳ ಫಿಲ್ಮ್ ಹಾಕಿಸಿಕೊಂಡು ನೋಡತೊಡಗಿದ. ಇತ್ತು. ಒಬ್ಬ ಎಸೆಯುವ ಮೊದಲು ಹೆಬ್ಬೆರಳು ನೆಕ್ಕುತ್ತಿದ್ದ. ಇನ್ನೊಬ್ಬ ಓಡುವ ಕಡೆಗೆ ಅಪ್ಪಿತಪ್ಪಿಯೂ ನೋಡುತ್ತಿರಲಿಲ್ಲ. ವೆಂಡೆಲ್ ಅವೆಲ್ಲವನ್ನೂ ಮೈಗೆ ಹತ್ತಿಸಿಕೊಂಡು ಬುಧವಾರ ಮೈದಾನಕ್ಕೆ ತರುತ್ತಿದ್ದ. ಅವರ ನಡಿಗೆ, ಅವರ ಭುಜ, ಮುಖ್ಯವಾಗಿ ಅವರ ಕೂಗು. ಪ್ರತಿ ತಂಡದ ಕೂಗು ಬೇರೆ. ನಮ್ಮದು 'ರೆಡಿ, ಸೆಟ್, ಗೋ'. ಗೋ ಅಂದಾಗ ಚೆಂಡು ಹೊರಡಬೇಕು. ಬೇರೆಯವರದು ಬೇರೆ. ನನ್ನ ಹಿಂದಿನಿಂದ ಪ್ರತಿ ವಾರ ಹೊಸ ಮನುಷ್ಯನೊಬ್ಬ ಕೂಗುತ್ತಿದ್ದ. ಕೈ ಮಾತ್ರ ಅದೇ ಕೈ.

ರಕ್ಷಣೆಯವರ ತಲೆ ಮೇಲೆದ್ದಿತು. ಮೂರನೆಯ ಪಂದ್ಯ ಗೆದ್ದೆವು. ನಾಲ್ಕನೆಯದು, ಐದನೆಯದು. ಊಟದ ಹಾಲ್‌ನಲ್ಲಿ ಅವನನ್ನು ಆ ವಾರದ ಎದುರಾಳಿಯ ಹೆಸರಿನಿಂದಲೇ ಕರೆಯುವುದು ಚಾಳಿಯಾಯಿತು. "ಏನ್ ಲಾರ್ಸನ್, ನಮ್ಮೂರ ಸೂಪ್ ಹಿಡಿಸ್ತಾ?" ಮುಂದಿನ ವಾರ, "ಪೆಟ್ರಾಕಿಸ್, ಉಪ್ಪು ಈ ಕಡೆ ಕೊಡಪ್ಪ." ಮಾರ್ಲಿಸ್ ಒಂದು ದಿನ ಸಿಟ್ಟಿನಲ್ಲೋ ತಮಾಷೆಯಲ್ಲೋ ಹೇಳಿದಳು: "ಶುಕ್ರವಾರ ನಾನು ಯಾರ ಜೊತೆ ಸಿನಿಮಾಗೆ ಹೋಗ್ತಿದ್ದೀನಿ ಅಂತ ಮೊದ್ಲೇ ಹೇಳ್ಬಿಡು. ಅದಕ್ಕೆ ತಕ್ಕ ಹಾಗೆ ಬಟ್ಟೆ ಹಾಕ್ಕೋತೀನಿ."

ಐದನೆಯ ಪಂದ್ಯದಲ್ಲಿ ನಾವು ತುಂಬ ಮುಂದಿದ್ದೆವು. ಕೊನೆಯ ವರ್ಷದವರು ಒಬ್ಬೊಬ್ಬರಾಗಿ ಇಳಿದರು. ವೆಂಡೆಲ್ ಹೆಲ್ಮೆಟ್ ಹಾಕಿಕೊಂಡು ಕೋಚ್ ಪಕ್ಕದಲ್ಲಿ ನಿಂತ. ಕೋಚ್ ಅವನನ್ನು ನೋಡದೆ ಹೇಳಿದರು: "ನಿನ್ನನ್ನಲ್ಲ."

"ಯಾಕೆ ಕೋಚ್?"

"ನೀನು ಕೈಕಾಲು ಮುರ್ಕೊಂಡ್ರೆ ಬುಧವಾರ ಯಾರನ್ನ ನಿಲ್ಲಿಸ್ಲಿ? ಶನಿವಾರಕ್ಕೆ ನನ್ನ ಹತ್ರ ಮೂರು ಜನ ಕ್ವಾರ್ಟರ್‌ಬ್ಯಾಕ್ ಇದ್ದಾರೆ. ಬುಧವಾರಕ್ಕೆ ನೀನೊಬ್ಬನೇ."

ಅದು ಹೊಗಳಿಕೆ. ಬ್ರೆಕ್ಕೆ ಬಾಯಿಂದ ಅಂಥ ಹೊಗಳಿಕೆ ನಾನು ಮತ್ತೆ ಕೇಳಲಿಲ್ಲ. ವೆಂಡೆಲ್ ಹೆಲ್ಮೆಟ್ ತೆಗೆದು ಕಂಕುಳಲ್ಲಿಟ್ಟುಕೊಂಡ. ಸಂಜೆ ಆಗ್ನೆಸ್ ಕೆಳಗೆ ಬಂದರು. ಅವತ್ತು ತೋಳು ಹಿಡಿದು ನೋಡಲಿಲ್ಲ.

"ಇನ್ನೂ ನಾಲ್ಕು ಪಂದ್ಯ ಇದೆಯಲ್ಲ," ಎಂದು ಅವನೇ ತಾಯಿಗೆ ಸಮಾಧಾನ ಹೇಳಿದ.

ಮುಂದಿನ ಮೂರರಲ್ಲೂ ಅದೇ ಮಾತು. ಅವನು ಎಷ್ಟು ಚೆನ್ನಾಗಿ ಬೇರೆಯವನಾಗುತ್ತಿದ್ದನೋ ಅಷ್ಟು ನಾವು ಗೆಲ್ಲುತ್ತಿದ್ದೆವು. ನಾವು ಗೆದ್ದಷ್ಟೂ ಕೋಚ್‌ಗೆ ಅವನನ್ನು ಇಳಿಸಲು ಭಯ. ಒಂದು ವಾರ ಬೇಕೆಂದೇ ಕೆಟ್ಟದಾಗಿ ಆಡು ಎಂದು ನಾನು ಹೇಳಿದೆ. ಅವನು ನನ್ನನ್ನು ಒಮ್ಮೆ ನೋಡಿ, "ಪುಸ್ತಕ ಓದಿ ಓದಿ ಕೆಟ್ಟೋಗಿದ್ಯ ನೀನು," ಎಂದ.

ಕೊನೆಯದು ಕ್ಯಾಸ್ಟರ್ ಕಾಲೇಜಿನ ಮೇಲೆ, ನಮ್ಮ ಮೈದಾನದಲ್ಲಿ, ನವೆಂಬರ್ ಮಧ್ಯದಲ್ಲಿ. ಅವರ ಕ್ವಾರ್ಟರ್‌ಬ್ಯಾಕ್ ಡೆನ್ನಿ ರೌಷ್ ಟೆಕ್ಸಸ್ ಕಡೆಯಿಂದ ಬಂದವನು. ಅವನ ಕೂಗು ವಿಚಿತ್ರ. 'ಹಾ...ಟ್' ಎಂದು ದನ ಕರೆಯುವವನಂತೆ ಎಳೆದು, ತಟ್ಟನೆ ಇನ್ನೊಂದು 'ಹಟ್'. ಆ ಎರಡನೆಯದಕ್ಕೆ ಚೆಂಡು. ಇಡೀ ವಾರ ವೆಂಡೆಲ್ ಹಾಗೇ ಕೂಗಿದ, ನಾನು ಹಾಗೇ ಚೆಂಡು ಕೊಟ್ಟೆ. ಗುರುವಾರದ ಹೊತ್ತಿಗೆ ಅವನು ಊಟದ ಹಾಲ್‌ನಲ್ಲಿ ಬ್ರೆಡ್ ಕೇಳಿದರೂ ಟೆಕ್ಸಸ್‌ನವನ ಹಾಗೇ ಕೇಳುತ್ತಿದ್ದ.

ಪಂದ್ಯದ ದಿನ ಗಾಳಿ ಜೋರಾಗಿತ್ತು. ಹುಲ್ಲು ಕೆಸರಾಗಿ ಅಂಚಿನಲ್ಲಿ ಹೆಪ್ಪುಗಟ್ಟಿತ್ತು. ಡೆನ್ನಿ ರೌಷ್ ಉಸಿರು ಬಿಡುವುದರೊಳಗೆ ಡ್ವೇನ್ ಅವನ ಮೇಲಿರುತ್ತಿದ್ದ. ಕೊನೆಯ ನಿಮಿಷಕ್ಕೆ ಬರುವಾಗ ನಾವು ಇಪ್ಪತ್ತು ಪಾಯಿಂಟ್ ಮುಂದೆ, ಚೆಂಡು ನಮ್ಮದು. ಇನ್ನೊಂದು ಆಟ ಆಡಿದರೆ ವೇಳೆ ಮುಗಿಯುತ್ತದೆ. ಕೋಚ್ ತಿರುಗಿ ಹುಡುಕಿದರು.

"ಟಾರ್ಗರ್ಸನ್. ನೀನೂ ಹೋಗು ಎರಿಕ್, ಚೆಂಡು ಕೊಡು." ವೆಂಡೆಲ್‌ನ ಹೆಲ್ಮೆಟ್ ಹಿಡಿದು ತನ್ನ ಕಡೆ ಎಳೆದುಕೊಂಡರು. "ಇನ್ನು ಬುಧವಾರ ಇಲ್ಲ. ಚೆಂಡು ಹಿಡ್ಕೊಂಡು ಸುಮ್ನೆ ಮಂಡಿಯೂರಿ ವೇಳೆ ಮುಗಿಸ್ಬೇಡ. ಓಡು. ನಿಮ್ಮಮ್ಮ ನೋಡ್ಲಿ."

ಮೈದಾನದಲ್ಲಿ ಎಲ್ಲರೂ ತಲೆ ಸೇರಿಸಿ ನಿಂತೆವು. ನಮ್ಮ ನಾಯಕ ಕರ್ಟ್ ಲಾಹ್ಟಿ, ಮುಖ್ಯ ಕ್ವಾರ್ಟರ್‌ಬ್ಯಾಕ್, ತನ್ನ ಜಾಗ ಬಿಟ್ಟುಕೊಟ್ಟು ಓಟಗಾರನ ಜಾಗದಲ್ಲಿ ನಿಂತಿದ್ದ. ವೆಂಡೆಲ್ ಹೇಳಿದ: "ಎಡಗಡೆಗೆ ನಾನೇ ಓಡ್ತೀನಿ. ಗೋ ಅಂದಾಗ." ನಾನು ಹೋಗಿ ಚೆಂಡಿನ ಮೇಲೆ ಬಗ್ಗಿದೆ. ಅವನ ಕೈ ಬಂತು. ಆಮೇಲೆ ದನಿ.

"ಹಾ...ಟ್."

ಎದುರಿನ ಕ್ಯಾಸ್ಟರ್ ಹುಡುಗನ ಕಣ್ಣು ಅಗಲವಾದದ್ದನ್ನು ಕಂಡೆ. ಇದು ಅವರ ಕ್ವಾರ್ಟರ್‌ಬ್ಯಾಕ್‌ನ ಕೂಗು, ಎದುರು ಪಕ್ಷದಿಂದ ಕೇಳಿಬರುತ್ತಿದೆ. ಅವನು ಏನೆಂದುಕೊಂಡನೋ, ಎರಡು ಪಕ್ಷಗಳ ನಡುವಿನ ಗೆರೆ ದಾಟಿ ನುಗ್ಗಿಬಿಟ್ಟ.

"ಹಟ್!"

ನಾನು ಚೆಂಡು ಕೊಟ್ಟೆ. ವಾರವಿಡೀ ಆ ದನಿಗೆ ಕೊಟ್ಟ ಕೈ ಅದು. ಆದರೆ ನನ್ನ ಎಡಬಲದಲ್ಲಿದ್ದವರು ಅಣಕು ತಂಡದವರಲ್ಲ. ಅವರೆಲ್ಲ ಕೈ ನೆಲಕ್ಕೂರಿ 'ಗೋ'ಗಾಗಿ ಕಾಯುತ್ತಾ ಅಲುಗದೆ ನಿಂತಿದ್ದರು. ನಮ್ಮ ಕಡೆಯ ಹನ್ನೊಂದು ಜನರಲ್ಲಿ ಅಲುಗಿದ್ದು ನಾವಿಬ್ಬರೇ. ಕ್ಯಾಸ್ಟರ್‌ನವರು ನನ್ನ ಮೇಲೆ ಹಾದು ಹೋದರು. ವೇಳೆ ಮುಗಿಯಿತೆಂದು ಹಾರಿಸುವ ಗುಂಡಿನ ಸದ್ದು ಕೇಳಿಸಿತು. ನಾನು ಮುಖ ಎತ್ತಿದಾಗ ನಾಲ್ಕು ಗಜ ಹಿಂದೆ ಮನುಷ್ಯರ ಒಂದು ಗುಡ್ಡೆ ಇತ್ತು. ಅದರ ತಳದಲ್ಲಿ ವೆಂಡೆಲ್.

ಗೆರೆಯ ಬಳಿ, ತಪ್ಪು ಕಂಡಾಗ ರೆಫ್ರಿ ಎಸೆಯುವ ಬಾವುಟ ಬಿದ್ದಿತ್ತು. ಚೆಂಡು ಹೊರಡುವ ಮೊದಲೇ ಗೆರೆ ದಾಟಿದ್ದು ಅವರ ತಪ್ಪು. ಅಂಥ ತಪ್ಪಾದಾಗ ನಿರ್ಧಾರ ನಮ್ಮದು. ಆದ ಆಟವನ್ನು ಇಲ್ಲವೆನಿಸಿ ಇನ್ನೊಂದು ಸಲ ಆಡಬಹುದು, ವೇಳೆ ಮುಗಿದಿದ್ದರೂ ಸರಿ. ಬೇಡವೆಂದರೆ ಆದದ್ದು ಆದಂತೆ ಉಳಿಯುತ್ತದೆ. ಜನ ಆಗಲೇ ಮೈದಾನಕ್ಕೆ ಇಳಿಯುತ್ತಿದ್ದರು. ರೆಫ್ರಿ ಮುದುಕ, ಕಿವಿ ಚಳಿಗೆ ಕೆಂಪಾಗಿತ್ತು.

"ಬೇಗ ಹೇಳ್ರಪ್ಪ, ಕಾಲು ಮರಗಟ್ಟಿದೆ."

ಲಾಹ್ಟಿ ವೆಂಡೆಲ್‌ನನ್ನು ಎಬ್ಬಿಸಿ ನಿಲ್ಲಿಸಿದ. "ಇನ್ನೊಂದ್ ಸಲ ತಗೋಳೋಣ ಟಾರ್ಗ್. ಈ ಸಲ ಸರಿಯಾಗಿ ಕೂಗು. ಬೇಕಾದ್ರೆ ಎಸಿ, ನಾನು ಹಿಡೀತೀನಿ."

ಅಂಚಿನಿಂದ ಕೋಚ್ ಕೈ ಬೀಸುತ್ತ ಕೂಗುತ್ತಿದ್ದರು: "ತಗೋ! ಇನ್ನೊಂದ್ ಸಲ!"

ವೆಂಡೆಲ್ ಬಾಯೊಳಗಿನ ಮಣ್ಣನ್ನು ಉಗಿದ. ಅಂಗಿಯ ಮೇಲೆ ಅವನ ನಂಬರು ಕಾಣುತ್ತಿರಲಿಲ್ಲ, ಅಷ್ಟು ಕೆಸರು.

"ಬೇಡ," ಎಂದ. "ಇದೇ ಇರ್ಲಿ."

"ಏನೋ ಬೇಡ? ನಾಲ್ಕು ಗಜ ಹಿಂದಕ್ಕೆ ಹೋಗಿದ್ದೀಯ!"

"ಗೊತ್ತು. ಇರ್ಲಿ ಬಿಡು."

ರೆಫ್ರಿ ಲಾಹ್ಟಿಯನ್ನು ನೋಡಿದ. ಲಾಹ್ಟಿ ಭುಜ ಕುಣಿಸಿ ತಲೆಯಾಡಿಸಿದ. ಪಂದ್ಯ ಮುಗಿಯಿತು. ಆ ವರ್ಷ ಲೀಗಿನಲ್ಲಿ ನಾವು ಎರಡನೆಯವರಾದೆವು. ಆಗ್ನೆಸ್ ಕಂಬಳಿಯನ್ನು ಕೈಲಿ ಹಿಡಿದು ಕೆಳಗೆ ಬಂದು ಮಗನ ತೋಳು ಹಿಡಿದರು.

"ಇದು ಒಗೆದ್ರೂ ಹೋಗಲ್ಲ," ಎಂದರು. ಅವರ ಮುಖದಲ್ಲಿ ಅಂಥ ಸಂತೋಷವನ್ನು ನಾನು ಅವನ ಮದುವೆಯ ದಿನವೂ ಕಾಣಲಿಲ್ಲ.

ಮುಂದಿನದು ದೀರ್ಘವಾಗಿದ್ದರೂ ಹೇಳಲು ಕಡಿಮೆ. ಅವನು ಚಿಕ್ಕಪ್ಪನ ಗ್ಯಾಸ್ ಲಾರಿಯನ್ನೇ ಓಡಿಸಿದ. ಹೊಲಮನೆಗಳ ನಾಯಿಗಳಿಗೆಲ್ಲ ಅವನ ಪರಿಚಯವಿತ್ತು. ನಾನು ಹೈಸ್ಕೂಲಿನಲ್ಲಿ ಪಾಠ ಮಾಡಿದೆ. ಬೆಳಗಿನ ಕಾಫಿಗೆ ನಾವು ಕೂರುತ್ತಿದ್ದ ಮೇಜಿನಲ್ಲಿ ಅವನ ನಾಲ್ಕು ಗಜದ ಸುದ್ದಿ ಪ್ರತಿ ಶರತ್ಕಾಲವೂ ಬರುತ್ತಿತ್ತು. ಕಾಲೇಜಿಗೆ ನಾಲ್ಕು ಗಜ ನೆಲ ಬಾಕಿ ಉಳಿಸಿಕೊಂಡವನು ಎಂದು ಡ್ವೇನ್ ಪೋಲ್ ಅವನನ್ನು ಹೊಸಬರಿಗೆ ಪರಿಚಯಿಸುತ್ತಿದ್ದ. ಯಾಕೆ ಬೇಡವೆಂದೆ ಎಂದು ಕೇಳಿದವರಿಗೆ ವೆಂಡೆಲ್ ಒಬ್ಬೊಬ್ಬರಿಗೆ ಒಂದೊಂದು ಹೇಳುತ್ತಿದ್ದ. ಚಳಿ ಇತ್ತು. ಅಮ್ಮ ಒಲೆಯಲ್ಲಿ ಆಲೂಗಡ್ಡೆ ಇಟ್ಟು ಬಂದಿದ್ದರು. ಪಾಪ, ರೆಫ್ರಿಯ ಕಿವಿ. ನಾನು ಕೇಳಲಿಲ್ಲ. ಹೇಳುವುದಿದ್ದರೆ ಹೇಳುತ್ತಾನೆ ಎಂದುಕೊಂಡಿದ್ದೆ.

ಅವನು ತೀರಿಕೊಳ್ಳುವುದಕ್ಕೆ ಮೂರು ದಿನ ಮೊದಲು, ಶುಕ್ರವಾರ, ಕಾಲೇಜಿನಿಂದ ಅವನಿಗೆ ಫೋನ್ ಬಂತು. ಕ್ರೀಡಾ ವಿಭಾಗದಲ್ಲಿ ಮೈ ವಾಂಗ್ ಎಂಬ ಹುಡುಗಿ ಹಳೆಯ ಫಿಲ್ಮ್‌ಗಳನ್ನೆಲ್ಲ ಕಂಪ್ಯೂಟರಿಗೆ ಹಾಕುತ್ತಿದ್ದಳು. ನಮ್ಮ ಕೊನೆಯ ಪಂದ್ಯದ ಫಿಲ್ಮ್‌ನಲ್ಲಿ ಅವಳಿಗೆ ಆ ಬಾವುಟ ಕಂಡಿತ್ತು. ಫಿಲ್ಮ್ ಅಲ್ಲಿಗೇ ಮುಗಿದಿತ್ತು, ಆಮೇಲೆ ರೆಫ್ರಿ ಏನು ಕೇಳಿದ, ಯಾರು ಏನು ಹೇಳಿದರು ಎಂಬುದು ಅದರಲ್ಲಿಲ್ಲ. ಕೋಚ್ ಬ್ರೆಕ್ಕೆ ಇಲ್ಲ. ಲಾಹ್ಟಿ ಅರಿಝೋನಾದಲ್ಲಿ ತೀರಿಕೊಂಡು ಎರಡು ವರ್ಷವಾಯಿತು. ಅವಳು ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು: ಸರ್, ಅದು ಎದುರಾಳಿಗಳ ತಪ್ಪು, ಆ ಆಟ ಲೆಕ್ಕಕ್ಕೇ ಬರಬಾರದು, ದಾಖಲೆಯಲ್ಲಿ ನಿಮ್ಮ ಹೆಸರಿನ ಮುಂದಿರುವ ಆ ಮೈನಸ್ ನಾಲ್ಕು ಗಜ ತೆಗೆದುಬಿಡುತ್ತೇವೆ.

ಅವನು ಕೂಡಲೇ ನನಗೆ ಫೋನ್ ಮಾಡಿದ. "ಸೋಮವಾರ ನೀನೂ ಬರ್ಬೇಕು. ಸಾಕ್ಷಿ ಬೇಕು ನಂಗೆ. ಚೆಂಡು ಕೊಟ್ಟವನು ನೀನು."

"ಒಳ್ಳೇದೇ ಮಾಡ್ತಿದ್ದಾಳಲ್ಲ ಮಾರಾಯ."

"ಆ ಮೈನಸ್ ತೆಗೆದ್ರೆ ಅಲ್ಲಿ ಏನ್ ಉಳಿಯತ್ತೆ ಹೇಳು?" ಎಂದ.

ಸೋಮವಾರ ಅವನ ಗಾಡಿಯಲ್ಲಿ ಹೋದೆವು. ಮಾರ್ಲಿಸ್ ಅವನಿಗೆ ಚರ್ಚಿಗೆ ಹೋಗುವ ಕೋಟು ಹಾಕಿಸಿದ್ದಳು. ಕ್ರೀಡಾ ವಿಭಾಗ ಎರಡನೆಯ ಮಹಡಿಯಲ್ಲಿತ್ತು. ಮೆಟ್ಟಿಲ ತಿರುವಿನಲ್ಲಿ ಅವನು ಸ್ವಲ್ಪ ನಿಂತ. ಮೈ ವಾಂಗ್ ನಮಗೆ ಕುರ್ಚಿ ಹಾಕಿ, ಕಾಫಿ ಕೊಟ್ಟು, ಫಿಲ್ಮ್ ತೋರಿಸಿದಳು. ಸದ್ದಿಲ್ಲದ ಫಿಲ್ಮ್. ಸಣ್ಣ ಸಣ್ಣ ಜನ. ಕೂಗು ಕೇಳಿಸದಿದ್ದರಿಂದ ಅಲ್ಲಿ ಏನಾಯಿತೆಂದು ನೋಡಿದವರಿಗೆ ತಿಳಿಯುವಂತಿರಲಿಲ್ಲ. ಚೆಂಡು ಹೋಯಿತು. ಅವನು ಅದನ್ನು ಹೊಟ್ಟೆಗೆ ಒತ್ತಿಕೊಂಡು ಎಡಕ್ಕೆ ಎರಡು ಹೆಜ್ಜೆ ಓಡಿದ. ತನ್ನವರು ಯಾರೂ ಅಲುಗಿಲ್ಲ ಎಂಬುದು ಆ ಎರಡನೆಯ ಹೆಜ್ಜೆಯಲ್ಲಿ ಅವನಿಗೆ ಗೊತ್ತಾಗಿರಬೇಕು. ಆದರೂ ನಿಲ್ಲಲಿಲ್ಲ, ಬಗ್ಗಲಿಲ್ಲ. ಅವರ ಮಧ್ಯಕ್ಕೇ ಓಡಿದ. ಅವನು ಚೆನ್ನಾಗಿ ಓಡುತ್ತಿದ್ದ. ಅದು ನನಗೆ ಗೊತ್ತಿರಲಿಲ್ಲ.

"ಇನ್ನೊಂದ್ ಸಲ ಹಾಕ್ಲಾ ಸರ್?"

"ಬೇಡಮ್ಮ, ಸಾಕು." ಅವನು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ. "ರೆಫ್ರಿ ನಮ್ಮನ್ನ ಕೇಳಿದ್ರು. ನಾವು ಬೇಡ ಅಂದ್ವಿ. ಇವನು ಪಕ್ಕದಲ್ಲೇ ಇದ್ದ."

"ಹೌದು, ಇದ್ದೆ," ಎಂದೆ. "ವೆಂಡೆಲ್ ಬೇಡ ಅಂದ, ನಾಯಕ ಒಪ್ಪಿದ. ಆ ಆಟ ಉಳೀತು."

ಹುಡುಗಿ ಅವನನ್ನೂ ತೆರೆಯನ್ನೂ ನೋಡಿದಳು. "ಅಂದ್ರೆ ಮೈನಸ್ ನಾಲ್ಕು ಹಾಗೇ ಇರ್ಬೇಕು?"

"ಹಾಗೇ ಇರ್ಬೇಕು."

"ಯಾಕ್ ಸರ್ ಬೇಡ ಅಂದ್ರಿ? ಇನ್ನೊಂದ್ ಸಲ ಆಡಿದ್ರೆ ಚೆನ್ನಾಗಿ ಆಡ್ತಿದ್ರೋ ಏನೋ."

"ಆಡ್ತಿದ್ದೆ," ಎಂದ ಅವನು. "ಚೆನ್ನಾಗೇ ಆಡ್ತಿದ್ದೆ. ಆದ್ರೆ ಇದು ಇಲ್ಲದ ಹಾಗೆ ಆಗೋದು. ಇದನ್ನ ಆಡಿ ಆಗಿತ್ತಲ್ಲಮ್ಮ."

ಅವಳಿಗೆ ಅರ್ಥವಾಯಿತೋ ಇಲ್ಲವೋ, ಸರಿ ಸರ್ ಎಂದು ಏನನ್ನೋ ಒತ್ತಿದಳು. ಬದಲಾಗಿದ್ದ ಸಾಲು ಮೊದಲಿನಂತಾಯಿತು. ಅವನು ಕನ್ನಡಕ ಹಾಕಿಕೊಂಡು ಓದಿ, ಎದ್ದು, ಅವಳ ಕೈ ಕುಲುಕಿದ.

ಕೆಳಗೆ ಬಂದಾಗ ಗಾಳಿ ಬೀಸುತ್ತಿತ್ತು. ಮೆಟ್ಟಿಲ ಬುಡದಲ್ಲಿ ನಾನು ಟೋಪಿ ಸರಿಮಾಡಿಕೊಳ್ಳಲು ನಿಂತೆ. ಅವನು ಮುಂದೆ ಹೋಗಿ ಗಾಡಿ ಹತ್ತಿದ. ನನ್ನ ಕಡೆಯ ಬಾಗಿಲು ಹೊರಗಿನಿಂದ ತೆರೆಯುವುದಿಲ್ಲ. ನಾನು ಬಂದು ನಿಂತದ್ದು ಕಂಡು, ಸೀಟಿನ ಉದ್ದಕ್ಕೂ ಬಾಗಿ, ಕೈ ಚಾಚಿ, ಬಾಗಿಲನ್ನು ಒಳಗಿನಿಂದ ತೆರೆದ.